ಕ್ಷೇತ್ರಕ್ಕೆ ಹೊರಡುವ ಮುನ್ನ: ಮಾನವಶಾಸ್ತ್ರದ ಸಂಶೋಧನಾ ಕಮ್ಮಟಗಳು

ಮಾನವಶಾಸ್ತ್ರದ ಪಿಎಚ್.ಡಿ. ನಿಂತಿರುವುದು ಕ್ಷೇತ್ರಕಾರ್ಯದ ಮೇಲೆ, ಎಂದರೆ ಅಧ್ಯಯನಕ್ಕೆ ಆಯ್ದ ಜನರ ನಡುವೆ ವರ್ಷದಷ್ಟು ಕಾಲ ನೆಲೆಸಿ, ಅವರ ಭಾಷೆಯಲ್ಲೇ ಅವರ ಬದುಕನ್ನು ಅರಿಯುವ ಕೆಲಸದ ಮೇಲೆ. ಕ್ಷೇತ್ರಕ್ಕೆ ಇಳಿದವರು ತಾವಾಗಿಯೇ ಕಲಿಯುತ್ತಾರೆಂಬ ನಂಬಿಕೆ ಈ ಶಾಸ್ತ್ರದಲ್ಲಿ ಬಹುಕಾಲ ಬೇರೂರಿದ್ದು, ಸಂಶೋಧನಾರ್ಥಿಗಳನ್ನು ಒಂದೆಡೆ ಕೂಡಿಸಿ ತರಬೇತಿ ಕೊಡುವ ಪದ್ಧತಿ ನಿಧಾನವಾಗಿ ರೂಪುಗೊಂಡಿತು.

1920ರ ದಶಕದಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ನಡೆಸುತ್ತಿದ್ದ ಸೆಮಿನಾರ್ ಇದರ ಮೊದಲ ಮೆಟ್ಟಿಲು. ರೇಮಂಡ್ ಫರ್ತ್, ಇವಾನ್ಸ್-ಪ್ರಿಚರ್ಡ್ ಮೊದಲಾದವರು ಅಲ್ಲಿ ಪಳಗಿದವರು. ಅಮೆರಿಕದ ಸಾಂತಾ ಫೆಯ ಮಾನವಶಾಸ್ತ್ರ ಪ್ರಯೋಗಾಲಯವು ನುರಿತ ವಿದ್ವಾಂಸರ ಜೊತೆ ವಿದ್ಯಾರ್ಥಿಗಳ ಸಣ್ಣ ತಂಡಗಳನ್ನು ಬೇಸಿಗೆಯಲ್ಲಿ ಕ್ಷೇತ್ರಕ್ಕೆ ಕಳಿಸುತ್ತಿತ್ತು. 1931ರಲ್ಲಿ ಮೆಸ್ಕಲೇರೊ ಅಪಾಚೆ ಜನರಲ್ಲಿಗೆ ಹೋದ ತಂಡವನ್ನು ರೂತ್ ಬೆನೆಡಿಕ್ಟ್ ಮುನ್ನಡೆಸಿದರು.

ಇವೆಲ್ಲಕ್ಕಿಂತ ಫಲವತ್ತಾದ ಪ್ರಯೋಗ ನಡೆದದ್ದು ಇಂದು ಜಾಂಬಿಯಾ ಎನಿಸಿರುವ ಉತ್ತರ ರೊಡೇಷಿಯಾದಲ್ಲಿ. ಅಲ್ಲಿ 1937ರಲ್ಲಿ ಸ್ಥಾಪನೆಯಾದ ರೋಡ್ಸ್-ಲಿವಿಂಗ್‌ಸ್ಟನ್ ಸಂಸ್ಥೆಯ ನಿರ್ದೇಶಕರಾಗಿದ್ದ ಮ್ಯಾಕ್ಸ್ ಗ್ಲುಕ್‌ಮನ್, 1946ರಲ್ಲಿ ಬಂದ ಎಲಿಜಬೆತ್ ಕಾಲ್ಸನ್, ಜಾನ್ ಬಾರ್ನ್ಸ್, ಕ್ಲೈಡ್ ಮಿಚೆಲ್ ಮೊದಲಾದ ತರುಣ ಸಂಶೋಧಕರನ್ನು ನೇರವಾಗಿ ಹಳ್ಳಿಗಳಿಗೆ ಅಟ್ಟದೆ, ಮೊದಲು ಕೇಪ್‌ಟೌನ್‌ನಲ್ಲಿ ಪಾಠ ಹೇಳಿಸಿ, ಬಳಿಕ ಲಾಂಬಾ ಜನರ ನಡುವೆ ಎಲ್ಲರಿಂದಲೂ ಒಂದೇ ಸಮೀಕ್ಷೆ ಮಾಡಿಸಿ, ಆಮೇಲಷ್ಟೇ ಅವರವರ ಕ್ಷೇತ್ರಗಳಿಗೆ ಕಳಿಸಿದರು. ಕ್ಷೇತ್ರದ ಮೊದಲ ಸುತ್ತು ಮುಗಿದ ಮೇಲೆ ಎಲ್ಲರೂ ಮರಳಿ ಕೂಡಿ ತಂದದ್ದನ್ನು ಚರ್ಚಿಸಬೇಕೆಂಬುದು ಈ ಯೋಜನೆಯ ಜೀವಾಳವಾಗಿತ್ತು. ವಸಾಹತು ಆಡಳಿತದ ನೆರಳಿನಲ್ಲಿ ನಡೆದ ಕೆಲಸವೆಂಬುದನ್ನು ಮರೆಯಲಾಗದಿದ್ದರೂ, ಮುಂದೆ ಮ್ಯಾಂಚೆಸ್ಟರ್ ಪಂಥವೆಂದು ಹೆಸರಾದ ವಿಚಾರಧಾರೆ ಕುದುರಿದ್ದು ಈ ಒಡನಾಟದಲ್ಲೇ. ವ್ಯಕ್ತಿಗಳ ನಡುವಣ ಸಂಬಂಧಗಳ ಹೆಣಿಗೆಯನ್ನು ಸೂಚಿಸುವ 'ಸಾಮಾಜಿಕ ಜಾಲ' ಎಂಬ ಪರಿಕಲ್ಪನೆಯನ್ನು 1954ರಲ್ಲಿ ನಾರ್ವೆಯ ಮೀನುಗಾರರ ದ್ವೀಪವೊಂದನ್ನು ಕುರಿತ ಲೇಖನದಲ್ಲಿ ವಿಶ್ಲೇಷಣೆಯ ಸಾಧನವಾಗಿ ಬಳಸಿದವರು ಇದೇ ತಂಡದ ಬಾರ್ನ್ಸ್ ಎಂಬುದು ಗಮನಾರ್ಹ.

ಜಾಲದ ಆ ಎಳೆ ಅಮೆರಿಕದಲ್ಲಿ ಮತ್ತೆ ಕಾಣಿಸುತ್ತದೆ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ 1987ರಲ್ಲಿ ರಸೆಲ್ ಬರ್ನಾರ್ಡ್, ಪರ್ಟಿ ಪೆಲ್ಟೊ, ಸ್ಟೀಫನ್ ಬೊರ್ಗಾಟಿ ಆರಂಭಿಸಿದ ಬೇಸಿಗೆ ಕಮ್ಮಟಗಳ ಪರಂಪರೆ ಮುಂದೆ ಪಿಎಚ್.ಡಿ. ವಿದ್ಯಾರ್ಥಿಗಳನ್ನೂ ಒಳಗೊಂಡಿತು, ಬೊರ್ಗಾಟಿಯವರಂತೂ ಜಾಲ ವಿಶ್ಲೇಷಣೆಯಲ್ಲೇ ಪರಿಣತರು. ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ 2009ರಿಂದ ನಡೆದ ಬೇಸಿಗೆ ಕಮ್ಮಟ, ಸಂಗ್ರಹದ ವಸ್ತುಗಳನ್ನೇ ಕ್ಷೇತ್ರವೆಂದು ಬಗೆದು ಓದುವುದನ್ನು ಕಲಿಸಿತು.

ಭಾರತದಲ್ಲಿ ಇಂಥ ಕ್ಷೇತ್ರ ತರಬೇತಿಯ ಕೊರತೆಯನ್ನು ಮನಗಂಡವರಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸ್ ಪ್ರಮುಖರು. ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ಮುಗಿಸಿ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿದ ಅವರು, ಎ. ಎಂ. ಶಾ, ಇ. ಎ. ರಾಮಸ್ವಾಮಿ ಅವರೊಡನೆ 1979ರಲ್ಲಿ ಹೊರತಂದ ಸಂಪುಟದಲ್ಲಿ, ಕ್ಷೇತ್ರದ ಅನುಭವಗಳನ್ನು ಸಂಶೋಧಕರಿಂದಲೇ ಬರೆಸಿದರು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ ನೆರವಿನಿಂದ ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ನಡೆಯುವ 10 ದಿನಗಳ ಸಂಶೋಧನಾ ವಿಧಾನ ತರಬೇತಿಗಳಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರದವರೆಲ್ಲ ಒಟ್ಟಿಗೆ ಕೂರುತ್ತಾರೆ. ದೂರದ ವಿಶ್ವವಿದ್ಯಾಲಯಗಳಲ್ಲಿ ಒಂಟಿಯಾಗಿ ದುಡಿಯುವವರಿಗೆ ಇದು ದೊಡ್ಡ ಆಸರೆ. ಆದರೆ ಗ್ಲುಕ್‌ಮನ್ ಅತ್ಯಗತ್ಯವೆಂದು ಬಗೆದಿದ್ದ ಎರಡನೆಯ ಕೂಟ, ಎಂದರೆ ಕ್ಷೇತ್ರದಿಂದ ಮರಳಿದ ಮೇಲೆ ಅದೇ ಒಡನಾಡಿಗಳ ಮುಂದೆ ಟಿಪ್ಪಣಿ ಪುಸ್ತಕಗಳನ್ನು ಬಿಚ್ಚಿಡುವ ಅವಕಾಶ, 10 ದಿನಗಳ ಚೌಕಟ್ಟಿನೊಳಗೆ ಒದಗುವಂಥದ್ದಲ್ಲ.