ಹಳೆಯ ಮೋಟಾರು ಗಾಡಿಯ ವಿದ್ಯುದ್ದೋಷಗಳು

1905ನೆಯ ಇಸವಿಯ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆ ಕಾಲದ ಮೋಟಾರು ಗಾಡಿಗಳಲ್ಲಾದರೋ ವಿದ್ಯುತ್ತಿಗಿದ್ದ ಮುಖ್ಯ ಕೆಲಸ ಎಂಜಿನಿನೊಳಗೆ ಕಿಡಿ ಹೊತ್ತಿಸುವುದು. ದೀಪಗಳು ಅಸಿಟಿಲೀನ್ ಅನಿಲದಿಂದಲೋ ಸೀಮೆಎಣ್ಣೆಯಿಂದಲೋ ಉರಿಯುತ್ತಿದ್ದವು. ಹ್ಯಾಂಡಲನ್ನು ಕೈಯಿಂದ ತಿರುಗಿಸಿ ಗಾಡಿಯನ್ನು ಹೊರಡಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಗಾಡಿಯಲ್ಲಿ ಬಂದಿತು. ಅಲ್ಲಿಂದ ಮುಂದೆ ಬ್ಯಾಟರಿ, ಡೈನಮೊ, ತಂತಿಗಳು ಗಾಡಿಯ ಸ್ಥಿರ ಪರಿವಾರವಾದವು.

ಪ್ರತಿಯೊಂದು ದೀಪಕ್ಕೂ ಎರಡೆರಡು ತಂತಿಗಳನ್ನೆಳೆದರೆ ವೆಚ್ಚ ಹೆಚ್ಚು. ಆದುದರಿಂದ ವಿದ್ಯುತ್ತು ತಂತಿಯಲ್ಲಿ ದೀಪಕ್ಕೆ ಹೋಗಿ, ಗಾಡಿಯ ಉಕ್ಕಿನ ಒಡಲಿನ ಮೂಲಕ ಬ್ಯಾಟರಿಗೆ ಮರಳುವಂತೆ ತಯಾರಕರು ಏರ್ಪಡಿಸಿದರು. ಮೆಕ್ಯಾನಿಕರು ಇದನ್ನೇ ‘ಅರ್ತ್’ ಎನ್ನುವರು. ಉಪಾಯವು ಮಿತವ್ಯಯದ್ದು, ಆದರೆ ಹಳೆಯ ಗಾಡಿಯ ಅನೇಕ ವ್ಯಾಧಿಗಳಿಗೆ ಮೂಲವೂ ಇದರಲ್ಲಿಯೇ ಉಂಟು. ತಿರುಪು ಬಿಗಿದ ಎಡೆಯಲ್ಲಿ ತುಕ್ಕು ಹಿಡಿಯಿತೆಂದರೆ ಮರಳುವ ದಾರಿ ಇಕ್ಕಟ್ಟಾಗುವುದು. ದೀಪ ಮಂಕಾಗುವುದು, ಸ್ಟಾರ್ಟರು ನರಳುವುದು. ನೋಡಿದವರು ಬಡ ಡೈನಮೊವನ್ನು ದೂರುವರು.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಬಳಿಯ ಅಟ್ಟೂರಿನಂತಹ ಊರಿನಲ್ಲಿ ಯಾರದಾದರೂ ಮನೆಯಂಗಳದಲ್ಲಿ ಹಿರಿಯರ ಕಾಲದ ಅಂಬಾಸಿಡರ್ ಗಾಡಿಯೊಂದು ಉಳಿದಿದ್ದರೆ, ಅದರ ಒಡೆಯರು ಮಾಡಬಹುದಾದ ಪರೀಕ್ಷೆ ಸುಲಭವಾದುದು. ಮಂಕಾದ ದೀಪದ ಲೋಹದ ಕವಚದಿಂದ ಬ್ಯಾಟರಿಯ ಅರ್ತ್ ಕೊನೆಗೆ ಬೇರೊಂದು ತಂತಿಯನ್ನು ತಾಗಿಸಬೇಕು. ಕೂಡಲೆ ಬೆಳಕು ಹೆಚ್ಚಿದರೆ ದೋಷವು ಮರಳುವ ದಾರಿಯಲ್ಲಿದೆಯೆಂದು ನಿಶ್ಚಯ. ತಿರುಪನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದರೆ ಸಾಕು.

ಅಂಬಾಸಿಡರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಕೆಡದ ಭಾಗವನ್ನು ಕೆಟ್ಟಿತೆಂದು ಎಸೆದವರಿಗೆ ಅಂತಹುದು ಮರಳಿ ದೊರೆಯುವುದು ವರ್ಷವರ್ಷಕ್ಕೂ ದುರ್ಲಭವಾಗುತ್ತಿದೆ. ಹಳೆಯದನ್ನು ಉಳಿಸಬೇಕೆಂಬವರು ಹೊಸ ಭಾಗವನ್ನು ಕೊಳ್ಳುವ ಮೊದಲು ಹಳೆಯ ಬೆಸುಗೆಗಳನ್ನೂ ತಿರುಪುಗಳನ್ನೂ ಒಮ್ಮೆ ಪರಿಶೀಲಿಸುವುದು ಲೇಸು.