ಮಕ್ಕಳ ಕಟಕಟೆಯಲ್ಲಿ ಡಾಕ್ಟರು

ಮನೆಯಲ್ಲಿ ಮಕ್ಕಳು ಕಿತ್ತಾಡಿದರೆ ನ್ಯಾಯಾಧೀಶರು ಯಾರು? ನಾವೇ, ಅಮ್ಮಂದಿರು. ಒಲೆಯ ಮೇಲಿನ ಹಾಲಿನ ಮೇಲೊಂದು ಕಣ್ಣಿಟ್ಟುಕೊಂಡೇ ತೀರ್ಪು ಕೊಟ್ಟುಬಿಡುತ್ತೇವೆ: ‘ನೀನು ದೊಡ್ಡವನು, ಬಿಟ್ಟುಕೊಡು.’ ನಾವು ಓದುವ ಕಾಲದ ಶಾಲೆಯಲ್ಲಾದರೆ ಬೆತ್ತ, ಇಲ್ಲವೇ ಬೆಂಚಿನ ಮೇಲೆ ನಿಲ್ಲುವುದು. ತೀರ್ಪನ್ನು ಮಕ್ಕಳ ಕೈಗೇ ಕೊಟ್ಟ ಪುಣ್ಯಾತ್ಮನೊಬ್ಬ ಪೋಲೆಂಡಿನಲ್ಲಿದ್ದ ಎಂದು ಓದಿದಾಗ ನನಗೆ ಮೊದಲು ನಗುವೇ ಬಂತು.

ಅವರು ಯಾನುಷ್ ಕೋರ್ಚಾಕ್. ಮಕ್ಕಳ ವೈದ್ಯರು, ಲೇಖಕರು. 1912ರಲ್ಲಿ ವಾರ್ಸಾ ನಗರದಲ್ಲಿ ಯಹೂದಿ ಅನಾಥ ಮಕ್ಕಳಿಗೆ ಮನೆ ತೆರೆದಾಗ ಜೊತೆಗಿದ್ದವರು ಸ್ಟೆಫಾನಿಯಾ ವಿಲ್ಚಿನ್ಸ್ಕಾ. ಮೊದಲ ಮಹಾಯುದ್ಧಕ್ಕೆ ಡಾಕ್ಟರು ಹೋದಾಗ ಮನೆ ನಡೆಸಿದ್ದು ಆಕೆಯೇ. ಹೆಸರು ಉಳಿದದ್ದು ಮಾತ್ರ ಡಾಕ್ಟರರದು. ಇದೇನು ನಮಗೆ ಹೊಸತೇ?

ಆ ಮನೆಯಲ್ಲಿ ದೂರಿದ್ದವರು ಅದನ್ನು ಬರೆಸಬೇಕು. ಆ ವಾರ ತಮ್ಮ ಮೇಲೆ ದೂರಿಲ್ಲದ ಮಕ್ಕಳಲ್ಲಿ ಚೀಟಿ ಎತ್ತಿ ಐವರು ನ್ಯಾಯಾಧೀಶರು. ದೊಡ್ಡವರೊಬ್ಬರು ಹೇಳಿಕೆ ಬರೆದುಕೊಳ್ಳಲು ಇರುತ್ತಿದ್ದರು, ಅವರಿಗೆ ಮತವಿಲ್ಲ. ಕಲಮುಗಳು 1ರಿಂದ 1000ದವರೆಗೆ. ಗಾಬರಿಯಾಗಬೇಡಿ, 99ರವರೆಗೆ ಬರೀ ಬಿಟ್ಟುಬಿಡುವ, ಕ್ಷಮಿಸುವ ಕಲಮುಗಳೇ. ದೂರು ಕೊಟ್ಟವನೇ ಹಿಂತೆಗೆದುಕೊಂಡರೆ ಅದಕ್ಕೂ ಒಂದು ಕಲಮು! 100ರಲ್ಲಿ ಕ್ಷಮೆಯಿಲ್ಲ, ಶಿಕ್ಷೆಯೂ ಇಲ್ಲ. ಆಮೇಲೆ ನೂರರ ಲೆಕ್ಕದಲ್ಲಿ ಏರುತ್ತದೆ. ಮನೆಯ ಪತ್ರಿಕೆಯಲ್ಲಿ ತಪ್ಪಿತಸ್ಥನ ಹೆಸರು ಬರುವುದೂ ಒಂದು ಶಿಕ್ಷೆ. 1000 ಎಂದರೆ ಮನೆಯಿಂದಲೇ ಹೊರಗೆ. ಅದಕ್ಕೆ ಮುಂಚೆ, 900ರಲ್ಲಿ, ‘ಇವನಿಗೆ ನಾನು ಹೊಣೆ’ ಎನ್ನುವವರೊಬ್ಬರು ಸಿಕ್ಕರೆ ಉಳಿದುಕೊಳ್ಳಬಹುದು. ಹೊಡೆತ, ಉಪವಾಸ ಯಾವ ಕಲಮಿನಲ್ಲೂ ಇಲ್ಲ.

ಎಲ್ಲ ಸುಸೂತ್ರವಾಗಿ ನಡೆಯಿತೆಂದಲ್ಲ. ಕೋರ್ಟನ್ನೇ ಗೇಲಿ ಮಾಡುವ ಪುಂಡರಿದ್ದರು. ಒಮ್ಮೆ ಕೆಲವು ವಾರ ನಿಲ್ಲಿಸಲೂಬೇಕಾಯಿತು.

1942ರ ಆಗಸ್ಟಿನಲ್ಲಿ ನಾಜಿಗಳು ಸುಮಾರು 200 ಮಕ್ಕಳ ಜೊತೆ ಡಾಕ್ಟರರನ್ನೂ ಸ್ಟೆಫಾನಿಯಾರನ್ನೂ ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಂದರು. ಮಕ್ಕಳನ್ನು ಬಿಟ್ಟುಹೋಗದ ಆ ಕಡೆಯ ನಡಿಗೆಗಾಗಿಯೇ ಲೋಕ ಅವರನ್ನು ನೆನೆಯುತ್ತದೆ. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಹೋಗುವುದು ಆ ಕೋರ್ಟಿಗೆ. ಅಲ್ಲಿ ಆರು ತಿಂಗಳಲ್ಲಿ ಐದು ಸಲ ಡಾಕ್ಟರು ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡಿದ್ದರು. ಒಬ್ಬ ಹುಡುಗನ ಕಪಾಳಕ್ಕೆ ಹೊಡೆದದ್ದಕ್ಕೆ, ಮಲಗುವ ಕೋಣೆಯಿಂದ ಒಬ್ಬನನ್ನು ಹೊರಗೆ ಹಾಕಿದ್ದಕ್ಕೆ, ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ, ಬಾಲ ನ್ಯಾಯಾಧೀಶನೊಬ್ಬನನ್ನು ಅವಮಾನಿಸಿದ್ದಕ್ಕೆ. ಐದನೆಯದು, ಒಬ್ಬ ಹುಡುಗಿ ಕದ್ದಳೆಂದು ಶಂಕಿಸಿದ್ದಕ್ಕೆ.

ಅಮ್ಮನಿದ್ದ ಮಗುವಾದರೆ ಅಳುತ್ತಾ ಅಮ್ಮನ ಸೆರಗು ಹಿಡಿಯುತ್ತಿತ್ತು. ಆ ಹುಡುಗಿಗೆ ಇದ್ದದ್ದು ಆ ಕೋರ್ಟು. ಊರೆಲ್ಲ ಗೌರವಿಸುವ ಡಾಕ್ಟರು ತಮ್ಮ ಹೇಳಿಕೆಯನ್ನು ಸವಿಸ್ತಾರವಾಗಿ ಬರೆದು, ಆ ಐದು ಮಕ್ಕಳ ಮುಂದಿಟ್ಟು, ಕಲಮು ಎಷ್ಟೆಂದು ಕಾದರು.