ಒಂದೇ ಜರಡಿ, ನೂರು ಮನೆ



ಹೈದರಾಬಾದಿನ ಉತ್ತರಕ್ಕೆ, ಬಾಲಾನಗರ ದಾಟಿ ಮುಂದೆ ಹೋದರೆ ಜೀಡಿಮೆಟ್ಲಾ. ನಿಮ್ಮಲ್ಲಿ ಹಲವರಿಗೆ ಅದು ಗೊತ್ತಿರುವ ಜಾಗವೇ. 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಔಷಧ ಸಂಸ್ಥೆ ಐಡಿಪಿಎಲ್ ಬಾಲಾನಗರದಲ್ಲಿ ಕಾರ್ಖಾನೆ ನಡೆಸಿದ ಮೇಲೆ ಸುತ್ತಲೂ ಔಷಧೋದ್ಯಮ ಬೆಳೆಯಿತು. ಜೀಡಿಮೆಟ್ಲಾದ ತುಂಬ ಔಷಧಿ, ರಾಸಾಯನಿಕ, ಇಂಜಿನಿಯರಿಂಗ್ ಘಟಕಗಳು ತಲೆ ಎತ್ತಿದವು. ಪ್ರತಿಯೊಂದು ಸಣ್ಣ ಕಾರ್ಖಾನೆಯೂ ತನ್ನ ಕೊಳಚೆ ನೀರಿಗೆ ತಾನೇ ಶುದ್ಧೀಕರಣ ಘಟಕ ಕಟ್ಟಿಕೊಳ್ಳುವುದು ಸುಲಭವೇ? ಅದಕ್ಕೇ 1980ರ ದಶಕದ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಸಾಮೂಹಿಕ ಘಟಕ ಬಂತು. ಜೆಇಟಿಎಲ್ ಎಂದು ಅದರ ಹೆಸರು. ಕಾರ್ಖಾನೆಗಳ ಕೊಳಚೆ ಟ್ಯಾಂಕರುಗಳಲ್ಲಿ ಅಲ್ಲಿಗೆ ಬಂದು ಶುದ್ಧವಾಗುತ್ತದೆ.

ರೇಡಿಯೋದವರಿಗೆ ಕೊಳಚೆ ನೀರಿನ ಸುದ್ದಿ ಯಾಕೆ ಅಂತೀರಾ? ಇದೇ ತೊಂದರೆ, ಇದೇ ಉಪಾಯ ನಮ್ಮ ನಿಮ್ಮ ಮಿಂಚಂಚೆಯ ಚರಿತ್ರೆಯಲ್ಲೂ ಇದೆ. ಸಣ್ಣ ಸಂಸ್ಥೆಗಳಿಗೆ ಸ್ವಂತ ಮೇಲ್ ಸರ್ವರ್ ದುಬಾರಿ. ಹತ್ತಾರು ಸಂಸ್ಥೆಗಳು ಒಂದೇ ಸರ್ವರಿನಲ್ಲಿ ಜಾಗ ಬಾಡಿಗೆಗೆ ಪಡೆಯುತ್ತವೆ. ಅಲ್ಲಿಗೆ ಹರಿದು ಬರುವ ಕೊಳಚೆಗೆ ಸ್ಪ್ಯಾಮ್ ಅಂತ ಹೆಸರು. ಒಂದೇ ಒಂದು ವ್ಯತ್ಯಾಸ. ಕೊಳಚೆ ನೀರು ಎಲ್ಲರಿಗೂ ಕೊಳಚೆಯೇ. ಅಂಚೆಯಲ್ಲಿ ಮಾತ್ರ ಒಬ್ಬರಿಗೆ ಕಸವಾದದ್ದು ಪಕ್ಕದವರಿಗೆ ಅನ್ನ!

ಮೊದಲು ಕಸದ ಕಥೆ ಕೇಳಿ. 1978ರ ಮೇ 3ರಂದು ಅಮೆರಿಕದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ಅವರು, ಆಗಿನ ಆರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ತಮ್ಮ ಕಂಪನಿಯ ಜಾಹೀರಾತನ್ನು ಒಟ್ಟಿಗೇ ಕಳಿಸಿದರು. ಮೊದಲ ಸ್ಪ್ಯಾಮ್ ಎಂಬ ಬಿರುದು ಅದಕ್ಕೇ ಸಂದಿದೆ. 1994ರ ಏಪ್ರಿಲ್‌ನಲ್ಲಿ ಇಬ್ಬರು ಅಮೆರಿಕನ್ ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಚರ್ಚಾ ಗುಂಪುಗಳಿಗೆ ಸುರಿದರು. ಸ್ಪ್ಯಾಮ್ ಎಂದರೆ ಮೂಲದಲ್ಲಿ 1937ರಿಂದ ಮಾರಾಟವಾಗುತ್ತಿರುವ ಡಬ್ಬಿ ಮಾಂಸದ ಹೆಸರು. 1970ರ ಒಂದು ಬ್ರಿಟಿಷ್ ಹಾಸ್ಯ ದೃಶ್ಯದಲ್ಲಿ ಆ ಒಂದೇ ಪದವನ್ನು ಕಿವಿ ಚಿಟ್ಟು ಹಿಡಿಯುವಷ್ಟು ಸಲ ಹೇಳುತ್ತಾರೆ. ಬೇಡವೆಂದರೂ ಬಂದು ಬೀಳುವ ಪತ್ರಗಳಿಗೆ ಅದೇ ಹೆಸರು ಅಂಟಿಕೊಂಡಿತು.

ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ತೆರೆಯಿತು. ಮರುವರ್ಷದ ಜುಲೈ 4ರಂದು ಹಾಟ್‌ಮೇಲ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಪತ್ರ ಕಳಿಸಲು ಅಂಚೆಚೀಟಿ ಬೇಡ ಎಂದಾದ ಮೇಲೆ ಕಸಕ್ಕೂ ಅಂಚೆಚೀಟಿ ಬೇಡ ತಾನೇ?

ತಡೆಯುವ ಮೊದಲ ದಾರಿ ಕಪ್ಪುಪಟ್ಟಿ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಅವರ ಸಂಗಡಿಗರು ಕಸ ಕಳಿಸುವ ಸರ್ವರುಗಳ ಪಟ್ಟಿ ಮಾಡಿ, ಯಾವ ಸರ್ವರ್ ಬೇಕಾದರೂ ಅದನ್ನು ಕ್ಷಣದಲ್ಲಿ ಕೇಳಿ ತಿಳಿಯುವಂತೆ ಮಾಡಿದರು. ಒಳ್ಳೆಯ ಉಪಾಯವೇ. ಆದರೆ ಹಂಚಿಕೊಂಡ ಸರ್ವರಿನಲ್ಲಿ ಒಬ್ಬ ಬಾಡಿಗೆದಾರ ಕಸ ಕಳಿಸಿದರೂ ಇಡೀ ಸರ್ವರ್ ಪಟ್ಟಿಗೆ ಸೇರಬಹುದು. ಅಲ್ಲಿದ್ದ ಉಳಿದವರ ಪತ್ರಗಳೂ ಬಾಗಿಲಲ್ಲೇ ನಿಂತವು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ!

ಎರಡನೆಯ ದಾರಿ ಅಂಕ ಹಾಕುವುದು. 2001ರಲ್ಲಿ ಐರ್ಲೆಂಡಿನ ಜಸ್ಟಿನ್ ಮೇಸನ್ ಅವರು ಸ್ಪ್ಯಾಮ್‌ಅಸ್ಯಾಸಿನ್ ಎಂಬ ಉಚಿತ ತಂತ್ರಾಂಶವನ್ನು ಹೊರತಂದರು. ಪತ್ರವನ್ನು ನೂರಾರು ನಿಯಮಗಳಿಗೆ ಹಚ್ಚಿ, ಒಂದೊಂದು ಅನುಮಾನಕ್ಕೂ ಒಂದಿಷ್ಟು ಅಂಕ ಕೊಡುವುದು ಇದರ ಕ್ರಮ. ನಮ್ಮ ಕಾಲದ ಪರೀಕ್ಷೆಗಳಲ್ಲಿ 35 ಬಂದರೆ ಪಾಸಾಗುತ್ತಿತ್ತು, ಇಲ್ಲಿ 5 ಬಂದರೆ ಫೇಲು!

ಈಗ ಜೀಡಿಮೆಟ್ಲಾಕ್ಕೆ ಹಿಂತಿರುಗೋಣ. ಆ ಕಾಲದ ಸ್ಪ್ಯಾಮ್‌ನಲ್ಲಿ ಮಾತ್ರೆಗಳ ಹೆಸರು, ಅಗ್ಗದ ಬೆಲೆ, ಇಂದೇ ಆರ್ಡರ್ ಮಾಡಿ ಎಂಬ ಕರೆ ತುಂಬಿ ತುಳುಕುತ್ತಿತ್ತು. ವಯಾಗ್ರದ ಹೆಸರು ಕಾಣದ ಅಂಚೆಪೆಟ್ಟಿಗೆಯೇ ಇರಲಿಲ್ಲ ಎನ್ನಬಹುದು. ನಿಯಮ ಬರೆದವರು ಅದನ್ನೆಲ್ಲ ಕಸವೆಂದೇ ಗುರುತಿಸಿದರು. ಆದರೆ ಔಷಧದ ಮೂಲದ್ರವ್ಯ ತಯಾರಿಸುವ ಘಟಕಕ್ಕೆ ದಿನ ಬೆಳಗಾದರೆ ಬರುವ ಪತ್ರವಾದರೂ ಏನು? ಔಷಧದ ಹೆಸರು, ಕಿಲೋಗೆ ಎಷ್ಟು ಬೆಲೆ, ಯಾವಾಗ ಕಳಿಸುತ್ತೀರಿ. ಆ ಪತ್ರ ಕಸದ ಪೆಟ್ಟಿಗೆಗೆ ಬಿದ್ದರೆ ಒಂದು ಆರ್ಡರ್ ಹೋಯಿತು, ಅದರ ಹಿಂದೆ ಒಂದಷ್ಟು ಜನರ ಕೂಲಿಯೂ ಹೋಯಿತು.

ನಮ್ಮ ಕನ್ನಡದ ಪಾಡೂ ಹೆಚ್ಚು ಬೇರೆ ಇರಲಿಲ್ಲ. ಯೂನಿಕೋಡ್ ಮನೆಮಾತಾಗುವ ಮೊದಲು ಬರಹ, ನುಡಿ ತಂತ್ರಾಂಶಗಳಲ್ಲಿ ಬರೆದ ಪತ್ರವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತಿದ್ದುದು ಬರೀ ವಿಚಿತ್ರ ಚಿಹ್ನೆಗಳ ಗೊಜಲು. ಇಂಗ್ಲಿಷ್ ಕಸವನ್ನು ನೋಡಿ ಕಲಿತ ಜರಡಿಗೆ ಅದು ಊರಿನಿಂದ ಅಮ್ಮ ಬರೆಸಿದ ಪತ್ರ ಎಂದು ಹೇಗೆ ತಿಳಿಯಬೇಕು?

ಉತ್ತರ ಬಂದದ್ದು 18ನೇ ಶತಮಾನದಿಂದ! ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ 1761ರಲ್ಲಿ ತೀರಿಕೊಂಡರು. ಸಂಭವನೀಯತೆಯ ಬಗ್ಗೆ ಅವರು ಬರೆದಿಟ್ಟಿದ್ದ ಪ್ರಬಂಧ 1763ರಲ್ಲಿ ಪ್ರಕಟವಾಯಿತು. ಹೊಸ ಸಾಕ್ಷಿ ಸಿಕ್ಕಂತೆಲ್ಲ ನಮ್ಮ ಊಹೆಯನ್ನು ತಿದ್ದಿಕೊಳ್ಳುವ ಲೆಕ್ಕ ಅದು. 1998ರಲ್ಲಿ ಸಂಶೋಧಕರು ಆ ಲೆಕ್ಕವನ್ನು ಕಸದಂಚೆಗೆ ಹಚ್ಚಿ ನೋಡಿದರು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಒಂದು ಲೇಖನ ಅದನ್ನು ಜನಪ್ರಿಯಗೊಳಿಸಿತು. ವಿಷಯ ಸರಳ. ಒಂದು ಪದ ನಿಮ್ಮ ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬಂದಿದೆ, ಕಸದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿಡಿ. ಮುಂದಿನ ಪತ್ರವನ್ನು ಆ ಎಣಿಕೆಯಿಂದಲೇ ತೂಗಿ. ಔಷಧ ಘಟಕದ ಎಣಿಕೆಯಲ್ಲಿ ಔಷಧದ ಹೆಸರು ಒಳ್ಳೆಯದಾಗುತ್ತದೆ, ಕನ್ನಡಿಗರ ಎಣಿಕೆಯಲ್ಲಿ ಆ ಗೊಜಲು ಚಿಹ್ನೆಗಳೂ ಒಳ್ಳೆಯವಾಗುತ್ತವೆ.

2003ರಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಈ ಲೆಕ್ಕವನ್ನು ಅಳವಡಿಸಿಕೊಂಡಿತು. ಆದರೆ ಎಣಿಕೆಯ ಪುಸ್ತಕ ಇಡುವುದೆಲ್ಲಿ? ಮೊದಮೊದಲು ಸರ್ವರಿನಲ್ಲಿ ಪ್ರತಿ ಬಳಕೆದಾರರ ಕೋಣೆಯಲ್ಲಿ ಒಂದೊಂದು ಕಡತ. ಹಂಚಿಕೊಂಡ ಸರ್ವರಿನಲ್ಲಿ ಎಷ್ಟೋ ಜನರಿಗೆ ಅಂಚೆಪೆಟ್ಟಿಗೆ ಇತ್ತೇ ಹೊರತು ಅಂಥ ಕೋಣೆ ಇರಲಿಲ್ಲ. ಎಲ್ಲರಿಗೂ ಸೇರಿ ಒಂದೇ ಕಡತ ಇಟ್ಟರೆ, ಒಂದು ಪತ್ರದ ಲೆಕ್ಕ ಬರೆಯುವಾಗ ಕಡತಕ್ಕೆ ಬೀಗ ಬೀಳುತ್ತಿತ್ತು. ಬರೆಯಲು ಬಂದ ಉಳಿದವರು ರೇಷನ್ ಅಂಗಡಿ ಸಾಲಿನಂತೆ ಕಾಯಬೇಕು.

2004ರ ಸೆಪ್ಟೆಂಬರಿನಲ್ಲಿ ಬಂದ 3.0 ಆವೃತ್ತಿ ಈ ಪುಸ್ತಕವನ್ನು ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸಿನಲ್ಲಿ ಇಡಲು ಅನುವು ಮಾಡಿತು. ಒಂದೊಂದು ಸಾಲಿನಲ್ಲೂ ಐದು ವಿವರ: ಯಾರ ಖಾತೆ, ಯಾವ ಪದ, ಕಸದಲ್ಲಿ ಎಷ್ಟು ಸಲ, ಒಳ್ಳೆಯದರಲ್ಲಿ ಎಷ್ಟು ಸಲ, ಕೊನೆಗೆ ಕಂಡದ್ದು ಯಾವಾಗ. ಪದವನ್ನು ಇದ್ದ ಹಾಗೇ ಬರೆಯದೆ ಗಣಿತದಿಂದ ಪಡೆದ ಒಂದು ಪುಟ್ಟ ಗುರುತನ್ನಷ್ಟೇ ಬರೆಯುತ್ತಿದ್ದರು. ಹೀಗಾಗಿ ಆ ಪುಸ್ತಕ ತೆರೆದು ನಿಮ್ಮ ಪತ್ರದ ಗುಟ್ಟನ್ನು ನೇರವಾಗಿ ಓದಲಾಗದು. ಒಂದೇ ಪತ್ರವನ್ನು ಎರಡು ಸಲ ಎಣಿಸದಂತೆ ಇನ್ನೊಂದು ಪಟ್ಟಿ ಬೇರೆ. ಅಕ್ಕಪಕ್ಕದ ಎರಡು ಮೂರು ಸರ್ವರುಗಳೂ ಇದೇ ಪುಸ್ತಕ ನೋಡಬಹುದು. ಯಂತ್ರ ಒಂದೇ ಆದರೂ ಖಾತೆ ಬೇರೆ ಬೇರೆ. ಔಷಧ ಘಟಕದ ನೆನಪು ಪಕ್ಕದ ಇಂಜಿನಿಯರಿಂಗ್ ಘಟಕದ ನೆನಪಿನೊಂದಿಗೆ ಬೆರೆಯುವುದಿಲ್ಲ.

ಇದಕ್ಕೂ ಒಂದು ಬೆಲೆ ಇತ್ತು. ಕನಿಷ್ಠ 200 ಕಸದ ಪತ್ರ, 200 ಒಳ್ಳೆಯ ಪತ್ರ ನೋಡುವ ತನಕ ಈ ಲೆಕ್ಕ ಬಾಯಿಯೇ ಬಿಡುವುದಿಲ್ಲ. ಕಲಿಸುವವರಿಲ್ಲದ ಖಾತೆ ಬರಿದಾಗಿಯೇ ಉಳಿಯುತ್ತದೆ.

ಸ್ವಂತ ಖಾತೆಯ ಬೆಲೆ ಎಷ್ಟೆಂದು 2010ರ ಜನವರಿ 1ರಂದು ತಿಳಿಯಿತು. ದೂರದ ಭವಿಷ್ಯದ ದಿನಾಂಕ ಹೊತ್ತ ಪತ್ರ ಅನುಮಾನಾಸ್ಪದ ಎಂದು ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಹಿಂದೆಯೇ ಒಂದು ನಿಯಮ ಬರೆದಿದ್ದರು. ಅವರ ಲೆಕ್ಕದಲ್ಲಿ 2010 ದೂರದ ಭವಿಷ್ಯ! ಹೊಸ ವರ್ಷದ ಬೆಳಿಗ್ಗೆ ಪಾಪದ ಶುಭಾಶಯ ಪತ್ರಗಳಿಗೂ ಮೂರಕ್ಕಿಂತ ಹೆಚ್ಚು ದಂಡದ ಅಂಕ ಬಿತ್ತು. ಎಲ್ಲರಿಗೂ ಒಂದೇ ಆದ ನಿಯಮ ತಪ್ಪಿದರೆ ಎಲ್ಲರಿಗೂ ಒಟ್ಟಿಗೇ ತಪ್ಪುತ್ತದೆ. ಚೆನ್ನಾಗಿ ಕಲಿತ ಖಾತೆ ಇದ್ದವರಿಗೆ ಮಾತ್ರ ಅದು ಒಂದಿಷ್ಟು ಅಂಕ ಕಳೆದು ಪತ್ರವನ್ನು ಕಾಪಾಡಬಲ್ಲದಾಗಿತ್ತು.

ಇಂದು ನಮ್ಮಲ್ಲಿ ಹೆಚ್ಚಿನವರ ಅಂಚೆ ದೊಡ್ಡ ಕಂಪನಿಗಳ ಸರ್ವರಿನಲ್ಲಿದೆ. ಜರಡಿ ಎಲ್ಲಿದೆ, ಯಾರು ಹಿಡಿದಿದ್ದಾರೆ ಎಂದು ಕಾಣುವುದಿಲ್ಲ. ಆದರೂ ಅದಕ್ಕೆ ಪಾಠ ಹೇಳುವ ಗುಂಡಿ ನಿಮ್ಮ ಬೆರಳ ತುದಿಯಲ್ಲೇ ಇದೆ. ವಾರಕ್ಕೊಮ್ಮೆ ಆ ಕಸದ ಪೆಟ್ಟಿಗೆ ತೆರೆಯಿರಿ. ಅಲ್ಲಿ ಊರಿನ ಸಂಘದ ಕರೆಯೋಲೆಯೋ, ನೆಂಟರ ಕನ್ನಡದ ಪತ್ರವೋ ಬಿದ್ದಿದ್ದರೆ ಎತ್ತಿಕೊಂಡು, ಇದು ಸ್ಪ್ಯಾಮ್ ಅಲ್ಲ ಎಂದು ಒತ್ತಿ. ಕಾಳು ಯಾವುದು, ಜೊಳ್ಳು ಯಾವುದು ಎಂದು ಮೊರ ಹಿಡಿದವರಿಗೆ ಹೇಳಬೇಕಾದವರು ಬೆಳೆದವರು ತಾನೇ?

ಅಂದ ಹಾಗೆ, ಈ ಸಂಚಿಕೆಯೂ ಅಲ್ಲೇ ಬಿದ್ದಿತ್ತೇ? ಹಾಗಿದ್ದರೆ ಇದರಿಂದಲೇ ಶುರು ಮಾಡಿ. ಮತ್ತೆ ಸಿಗೋಣ, ಕೇಳುತ್ತಿರಿ.